ಸ್ಕ್ಯಾನಿಂಗ್ ಕೋಣೆಯಲ್ಲಿ ಕಿಡ್ನಿ ಪಂಚಾಯ್ತಿ

ತೊಂಬತ್ತರ ದಶಕದ ಕೊನೆಗೆ ಹುಣಸೂರಿನಲ್ಲಿ ಸ್ಕ್ಯಾನಿಂಗ್ ಡಾಕ್ಟರಾಗಿದ್ದೆ. ಕಿಡ್ನಿ ಹುಟ್ಟಿನಿಂದಲೇ ಹೀಗಿದೆ ಎಂದು ಕಂಡುಹಿಡಿಯುವುದು ಸುಲಭ. ಅದನ್ನು ನಂಬಿಸುವುದರಲ್ಲೇ ನನ್ನ ಅರ್ಧ ಆಯುಸ್ಸು ಹೋಯಿತು. ಸಾಕಪ್ಪಾ ಸಾಕು ಎಂದು ತಲೆ ಚಚ್ಚಿಕೊಳ್ಳದ ವಾರವೇ ಇರಲಿಲ್ಲ.

೧. ಜಾರಿದ ಕಿಡ್ನಿ

ಗುರುಪುರದ ಮಗುವೊಂದರ ಎಡ ಕಿಡ್ನಿ ತನ್ನ ಜಾಗ ಬಿಟ್ಟು ಸೊಂಟದ ಹತ್ತಿರ ಕೂತಿತ್ತು. "ಹುಟ್ಟುವಾಗಲೇ ಅಲ್ಲಿದೆ, ತೊಂದರೆಯಿಲ್ಲ, ಅದರ ಪಾಡಿಗೆ ಬಿಡಿ" ಎಂದು ಅಜ್ಜಿಗೆ ಬಿಡಿಸಿ ಹೇಳಿ ಕಳಿಸಿದೆ. ಮುಂದಿನ ವಾರ ಅಜ್ಜಿ ಮತ್ತೆ ಹಾಜರು.

"ಎಣ್ಣೆ ಅಚ್ಚಿ, ನೀವಿ, ಮೇಲಕ್ಕೆ ಏರಿಸಿವ್ನಿ. ನೋಡಿ ಸ್ವಾಮಿ."

ಮಗುವಿನ ಹೊಟ್ಟೆ ಕೆಂಪಗಾಗಿತ್ತು. ನನಗೆ ಸಂಕಟವಾಯಿತು. ಮತ್ತೆ ಸ್ಕ್ಯಾನ್ ಮಾಡಿ ನೋಡಿ, "ಅಲ್ಲೇ ಇದೆಯಲ್ಲಮ್ಮ!" ಎಂದೆ.

"ಅಂಗಾರೆ ನಿಮ್ ಟೀವಿ ಇನ್ನೂ ಓದ ವಾರದ್ದೇ ತೋರಿಸ್ತಾ ಅದೆ ಕಣ್ರಪ್ಪ!"

೨. ಪಾಲು

ಮಿರ್ಲೆಯ ರೈತನೊಬ್ಬನ ಎರಡು ಕಿಡ್ನಿಗಳೂ ಕೆಳಗಡೆ ಒಂದಕ್ಕೊಂದು ಕೂಡಿಕೊಂಡಿದ್ದವು. ಹುಟ್ಟಿನಿಂದಲೇ ಹಾಗೆ ಎಂದೆ. ಜೊತೆಗೆ ಬಂದಿದ್ದ ಅವನ ಅಣ್ಣ, ತಮ್ಮನ ಕಡೆ ತಿರುಗಿದ.

"ನೋಡ್ಲಾ, ನಿನ್ ಒಟ್ಟೆ ಒಳಗಿರೋವೇ ಕೂಡಿ ಬಾಳ್ತಾವೆ. ನಿಂಗ್ಯಾಕ್ಲಾ ಜಮೀನಲ್ಲಿ ಪಾಲು?"

೩. ಹೊಸ ಸೊಸೆ

ರಾವಂದೂರು ಕಡೆಯ ಹೊಸ ಸೊಸೆಯೊಬ್ಬಳಿಗೆ ಹುಟ್ಟಿನಿಂದ ಇದ್ದದ್ದು ಒಂದೇ ಕಿಡ್ನಿ. ಅದು ಚೆನ್ನಾಗಿಯೇ ಇತ್ತು. ಅತ್ತೆ ಮಾತ್ರ ನಿಂತ ನಿಲುವಿನಲ್ಲೇ ತೀರ್ಪು ಕೊಟ್ಟರು.

"ಅರ್ಧ ಎಣ್ಣು ಕೊಟ್ಟು ಮೋಸ ಮಾಡವ್ರೆ. ಇವತ್ತೇ ತವ್ರಿಗೆ ಬುಟ್ ಬತ್ತೀನಿ."

ಹುಡುಗಿ ಮಲಗಿದ್ದಲ್ಲೇ ಅಳತೊಡಗಿದಳು. ಗಂಡ ನೆಲ ನೋಡುತ್ತಾ ನಿಂತ. ನಾನು ಬಾಯಿ ತೆರೆದು ಒಂದು ಸಂಸಾರ ಹಾಳುಮಾಡಿದೆನಲ್ಲ ಎಂದು ಪೇಚಾಡಿದೆ. ಒಂದರಲ್ಲೇ ಜೀವನಪೂರ್ತಿ ದುಡಿಯಬಹುದು ಎಂದು ಎಷ್ಟು ಹೇಳಿದರೂ ಅತ್ತೆ ಕೇಳಲಿಲ್ಲ. "ಎರಡಿದ್ರೆ ಎಂಗಿರ್ತದೆ ಅಂತ ನಂದು ತೋರ್ಸಿ ಇವ್ಳಿಗೆ" ಎಂದು ಸೊಸೆಯನ್ನು ಎಬ್ಬಿಸಿ ತಾವೇ ಮಲಗಿದರು.

ಬಲಗಡೆ ಇತ್ತು. ಎಡಗಡೆ ಖಾಲಿ. ಮತ್ತೆ ಮತ್ತೆ ಹುಡುಕಿದೆ, ಇಲ್ಲವೇ ಇಲ್ಲ! ನನಗೆ ಕುಣಿಯುವಷ್ಟು ಖುಷಿ.

"ಅಮ್ಮಾ, ನಿಮಗೂ ಒಂದೇ! ಅದರಲ್ಲೇ ನಾಲ್ಕು ಮಕ್ಕಳು ಹೆತ್ತು, ಇಷ್ಟು ವರ್ಷ ಹೊಗೆಸೊಪ್ಪು ಬೆಳೆದು ಗಟ್ಟಿಮುಟ್ಟಾಗಿದ್ದೀರಲ್ಲ!"

ಹುಡುಗಿ ಕಣ್ಣೊರೆಸಿಕೊಂಡಳು. ಗಂಡನಿಗೂ ಮೊದಲ ಸಲ ಬಾಯಿ ಬಂತು: "ಅಂಗಾರೆ ನೀನೂ ತವ್ರಿಗೆ ಓಯ್ತೀಯಾ ಅವ್ವ?"

ಅತ್ತೆ ಎದ್ದು ಕೂತು, ಸೊಸೆಯನ್ನು ದುರುಗುಟ್ಟಿ ನೋಡಿದರು.

"ನೋಡುದ್ರಾ ಸ್ವಾಮಿ ಇವ್ಳ ಕಾಲ್ಗುಣವ! ಮನೆಗೆ ಬಂದು ಮೂರು ತಿಂಗ್ಳಾಗಿಲ್ಲ, ನನ್ ಕಿಡ್ನೀನೂ ಓಯ್ತು!"