ಸಿಂಹಳಕ್ಕೆ ಹೊರಡಲು ಒಳ್ಳೆಯ ತಿಂಗಳು

ಹೊಟ್ಟೆಗೆ ಸಂಬಂಧಪಟ್ಟ ಎಲ್ಲ ತೊಂದರೆಗಳಿಗೂ ನನ್ನ ಹೆಂಡತಿಯ ಬಳಿ ಮದ್ದಿದೆ. ನೋವಿಗೆ ಓಮ, ಉಬ್ಬರಕ್ಕೆ ಇಂಗು ಹಾಕಿದ ಮಜ್ಜಿಗೆ, ಅಜೀರ್ಣಕ್ಕೆ ಶುಂಠಿ ಕಷಾಯ. ಹೊಟ್ಟೆಕಿಚ್ಚಿಗೆ ಮಾತ್ರ ಅವಳ ಸಂಬಾರದ ಡಬ್ಬಿಯಲ್ಲಿ ಏನೂ ಇಲ್ಲ. ನನಗೆ ಆ ಕಾಯಿಲೆ ಇದೆಯೆಂದು ನನಗೇ ಬಹಳ ಕಾಲ ಗೊತ್ತಿರಲಿಲ್ಲ, ಇನ್ನು ಅವಳು ಮದ್ದು ಕುಟ್ಟಿಡುವುದು ಹೇಗೆ? ನಾನು ಒಳ್ಳೆಯ ಮನಸ್ಸಿನವನೆಂದೇ ನಂಬಿದ್ದೆ. ನಮ್ಮ ಹೆಡ್‌ಮಾಸ್ಟರಿಗೆ ಬಡ್ತಿಯಾಗಿ ಹಾಸನಕ್ಕೆ ವರ್ಗವಾದಾಗ ಸಂತೋಷದಿಂದ ಹಾರ ತಂದವನು ನಾನು. ನನ್ನ ಷಡ್ಡಕ ಚನ್ನರಾಯಪಟ್ಟಣದಲ್ಲಿ ಮಹಡಿ ಮನೆ ಕಟ್ಟಿಸಿದಾಗ ಗೃಹಪ್ರವೇಶಕ್ಕೆ ಹೋಗಿ, ಎರಡು ಸಲ ಹೋಳಿಗೆ ಹಾಕಿಸಿಕೊಂಡು, ಮನಸಾರೆ ಹರಸಿ ಬಂದೆ. ಮೆಟ್ಟಿಲು ಸ್ವಲ್ಪ ಕಡಿದಾಯಿತು ಎಂದೆ, ಅಷ್ಟೆ. ಅದು ನಿಜವೇ ಆಗಿತ್ತು.

ಆದರೆ ಪ್ರತಿಯೊಬ್ಬನಲ್ಲೂ ಮುಟ್ಟಿದರೆ ನೋಯುವ ಒಂದು ಜಾಗ ಇರುತ್ತದೆ. ನನ್ನದು ಸಮುದ್ರ. ನಾನು ಹೊಳೆನರಸೀಪುರದ ಮಿಡ್ಲ್ ಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. "ನಾಲ್ಕು ಕಡೆಯೂ ನೀರಿನಿಂದ ಸುತ್ತುವರಿದ ಭೂಭಾಗಕ್ಕೆ ದ್ವೀಪವೆಂದು ಹೆಸರು" ಎಂದು ಎಷ್ಟೋ ವರ್ಷಗಳಿಂದ ಪಾಠ ಹೇಳುತ್ತಾ ಬಂದಿದ್ದೇನೆ. ನಾನು ಕಣ್ಣಾರೆ ಕಂಡ ದ್ವೀಪವೆಂದರೆ ಬೇಸಿಗೆಯಲ್ಲಿ ಹೇಮಾವತಿಯ ನಡುವೆ ಏಳುವ ಮರಳುದಿಬ್ಬ. ಮಡಿವಾಳರು ಅದರ ಮೇಲೆ ಬಟ್ಟೆ ಒಣಹಾಕುತ್ತಾರೆ. ಪೂರ್ವಕ್ಕೆ ಬೆಂಗಳೂರು, ದಕ್ಷಿಣಕ್ಕೆ ಮೈಸೂರು, ಪಶ್ಚಿಮಕ್ಕೆ ಸಕಲೇಶಪುರ. ಇಷ್ಟರೊಳಗೆ ನನ್ನ ಪ್ರಪಂಚ ಮುಗಿಯಿತು. ಸಕಲೇಶಪುರದಲ್ಲಿ ಘಟ್ಟದ ಅಂಚಿಗೆ ಹೋಗಿ ನಿಂತು, ಆಚೆಗೆ ಸಮುದ್ರ ಕಂಡೀತೇ ಎಂದು ಅರ್ಧ ಗಂಟೆ ನೋಡಿದ್ದುಂಟು. ಮೋಡ ಕಂಡಿತು. ಕ್ಲಾಸಿನ ಗೋಡೆಯ ಮೇಲಿನ ನಕ್ಷೆಯಲ್ಲಿ ಮಾತ್ರ ನಾನು ಹೋಗದ ಊರಿಲ್ಲ. ಕೋಲಿನ ತುದಿಯಿಂದ ಮುಟ್ಟಿ ಮುಟ್ಟಿ ಸಿಂಹಳ ದ್ವೀಪ ಇರುವಲ್ಲಿ ನಕ್ಷೆಯ ಬಟ್ಟೆ ಸವೆದು ತೂತು ಬಿದ್ದಿದೆ.

ಯುದ್ಧ ಶುರುವಾಗುವುದಕ್ಕೆ ಎರಡು ವರ್ಷ ಮುಂಚೆ, ಗಣೇಶನ ಹಬ್ಬ ಕಳೆದ ಮೇಲೆ ಒಂದು ಸಾಯಂಕಾಲ, ಪಕ್ಕದ ಮನೆಯ ಸಿದ್ಧಲಿಂಗಪ್ಪ ಕೈಯಲ್ಲಿ ಒಂದು ಕಾಗದ ಹಿಡಿದು ಬಂದ. ತೆಂಗಿನಕಾಯಿ, ಕೊಬ್ಬರಿಯ ವ್ಯಾಪಾರಿ. ಒಳ್ಳೆಯವನು. ಒಳ್ಳೆಯವನಾದ್ದರಿಂದಲೇ ಮುಂದೆ ನನಗೆ ಅಷ್ಟು ಕಷ್ಟವಾಯಿತು. ಕೆಟ್ಟವನ ಮೇಲೆ ಹೊಟ್ಟೆಕಿಚ್ಚು ಪಟ್ಟರೆ ಅದನ್ನು ನ್ಯಾಯವೆಂದಾದರೂ ಹೇಳಿಕೊಳ್ಳಬಹುದು. ಕಾಗದ ಇಂಗ್ಲಿಷಿನಲ್ಲಿತ್ತು. ಕೊಲಂಬಿನ ತೆಂಗಿನ ವ್ಯಾಪಾರಿಯೊಬ್ಬ ಅರಸೀಕೆರೆಗೆ ಬಂದಿದ್ದಾಗ ಇವನ ಪರಿಚಯವಾಗಿತ್ತಂತೆ. "ನೀವು ಖಂಡಿತ ನಮ್ಮ ದ್ವೀಪಕ್ಕೆ ಬರಬೇಕು, ನಮ್ಮ ಮನೆಯಲ್ಲೇ ಇಳಿಯಬೇಕು, ಯಾವ ತಿಂಗಳು ಬರುತ್ತೀರಿ ತಿಳಿಸಿ" ಎಂದು ಆತ ಬರೆದಿದ್ದ. ಓದಿ ಹೇಳಿ, ಕಾಗದ ಮಡಿಸಿ ಅವನ ಕೈಗಿಟ್ಟೆ.

"ಈಗ ನೀವೇ ಏಳ್ಬೇಕು ಸಾ, ಯಾವ ತಿಂಗ್ಳು ಓದ್ರೆ ಒಳ್ಳೇದು?" ಎಂದ ಸಿದ್ಧಲಿಂಗಪ್ಪ. "ಅಲ್ಲಿಗೋಗಿ ಮಳೇಲಿ ಬಾಗ್ಲಾಕ್ಕಂಡು ಕುಂತ್ರೆ ಏನ್ ಬಂತು? ಮಳೆ ನಮ್ಮೂರಲ್ಲೇ ಬತ್ತದೆ. ನೀವು ಭೂಗೋಳ ಓದ್ಕಂಡೋರು. ನಿಮಗ್ ಗೊತ್ತಿಲ್ದೇ ಇರೋದೈತಾ?"

ಗೊತ್ತಿತ್ತು. ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿದೆ. ಮುಂಗಾರು ನೈಋತ್ಯದಿಂದ ಬಂದು ಆ ದ್ವೀಪದ ಒಂದು ಪಕ್ಕ ತೋಯಿಸುತ್ತದೆ, ಹಿಂಗಾರು ಈಶಾನ್ಯದಿಂದ ಬಂದು ಇನ್ನೊಂದು ಪಕ್ಕ ತೋಯಿಸುತ್ತದೆ. ಸಂಕ್ರಾಂತಿಯಿಂದ ಯುಗಾದಿಯ ತನಕ ಹವೆ ಹಿತವಾಗಿರುತ್ತದೆ. "ಸಂಕ್ರಾಂತಿ ಆದ ಮೇಲೆ ಹೊರಡಿ" ಎಂದು ನಾಲ್ಕೇ ಪದದಲ್ಲಿ ಹೇಳಿ ಕಳಿಸಬಹುದಾಗಿತ್ತು. ಆದರೆ ಆ ನಾಲ್ಕು ಪದ ಬಾಯಿಂದ ಹೊರಡಲಿಲ್ಲ. ಹಿಂದಿನ ವರ್ಷವಷ್ಟೇ ಈ ಮನುಷ್ಯ ನನ್ನ ಜಗಲಿಯ ಮೇಲೆ ಕುಳಿತು, "ಲಂಕೆ ಅನ್ನೋದು ನಿಜವಾಗ್ಲೂ ಐತಾ ಸಾ, ಬರೀ ಪುರಾಣದಾಗಾ?" ಎಂದು ಕೇಳಿದ್ದ. ಇದೆ ಎಂದು ಹೇಳಿಕೊಟ್ಟವನು ನಾನು. ಈಗ ಅಲ್ಲಿಗೆ ಹೋಗುವವನು ಅವನು! ನಕ್ಷೆಗೆ ತೂತು ಬೀಳಿಸಿದವನು ಇಲ್ಲೇ ಇದ್ದು, ನಕ್ಷೆಯನ್ನೇ ನೋಡದವನು ಹಡಗು ಹತ್ತುವುದೆಂದರೇನು?

"ನೋಡಿ ಸಿದ್ಧಲಿಂಗಪ್ಪನವರೇ," ಎಂದೆ ಗಂಭೀರವಾಗಿ, "ಅದು ಎರಡು ಮಳೆಗಾಲದ ದೇಶ. ಈಗ ಅಲ್ಲಿ ಹಿಂಗಾರು ಶುರುವಾಗುತ್ತದೆ. ಅವಸರ ಮಾಡಬೇಡಿ."

ಅವನು ಕೈ ಮುಗಿದು ಹೋದ. ಮರುದಿನ ನಾಲ್ಕು ಎಳನೀರು ಬಂದವು.

ಸ್ವಾತಿ ಮಳೆ ಕಳೆದ ಮೇಲೆ ಮತ್ತೆ ಬಂದ. ನಮ್ಮ ಕಡೆ ಕಾಲವನ್ನು ಅಳೆಯುವುದು ಮಳೆ ನಕ್ಷತ್ರದಲ್ಲಿ ತಾನೆ? "ಸ್ವಾತಿ ಮುಗೀತು ಸಾ, ಇನ್ನು ಓಗಬೌದಾ?" ಎಂದ. ನಮ್ಮ ಸ್ವಾತಿ ಬೇರೆ, ಅವರ ಸ್ವಾತಿ ಬೇರೆ, ಇಲ್ಲಿ ನಿಂತ ಮಳೆ ಅಲ್ಲಿಗೆ ಹೋಗಿ ಸುರಿಯುತ್ತದೆ ಎಂದೆ. ಆಮೇಲೆ ಧನುರ್ಮಾಸ ಬಂತು. ಅದನ್ನು ದಾಟಿಸಲು ನಾನೇನೂ ಕಷ್ಟಪಡಬೇಕಾಗಲಿಲ್ಲ, ಪಂಚಾಂಗವೇ ನನ್ನ ಪರವಾಗಿತ್ತು. ಸಂಕ್ರಾಂತಿಯ ಎಳ್ಳುಬೆಲ್ಲ ಬೀರಲು ಬಂದವನು ಅದೇ ಪ್ರಶ್ನೆ ಕೇಳಿದಾಗ ಎಳ್ಳಿನ ಜೊತೆ ಕೊಬ್ಬರಿ ಚೂರನ್ನೂ ನುಂಗಿಕೊಂಡು ಯೋಚಿಸಿದೆ. ಮಳೆಯಿಲ್ಲದ ತಿಂಗಳುಗಳಿಗೆ ಬಂದು ಮುಟ್ಟಿದ್ದೆವು. ಭೂಗೋಳ ಕೈಕೊಟ್ಟಿತು. ಧರ್ಮವನ್ನು ಹಿಡಿದೆ. "ಇನ್ನು ಶಿವರಾತ್ರಿ ಬರುತ್ತದಲ್ಲ? ನಿಮ್ಮಂಥ ಶಿವಭಕ್ತರು ಶಿವರಾತ್ರಿಯಲ್ಲಿ ಮನೆ ಬಿಟ್ಟರೆ ಮನೆದೇವರು ಏನೆಂದುಕೊಂಡಾನು?" ಸಿದ್ಧಲಿಂಗಪ್ಪ ತಲೆದೂಗಿದ. ನನಗೆ ನಾಚಿಕೆಯಾಯಿತು. ಆದರೆ ನಾಚಿಕೆಗಿಂತ ನೆಮ್ಮದಿಯೇ ಒಂದು ಹಿಡಿ ಹೆಚ್ಚಾಗಿತ್ತು.

ಫಾಲ್ಗುಣ, ಚೈತ್ರಕ್ಕೆ ಇಟ್ಟುಕೊಂಡಿದ್ದು ಸೂರ್ಯ. ಆ ಕಾಲದಲ್ಲಿ ಸೂರ್ಯ ಆ ದ್ವೀಪದವರ ನೆತ್ತಿಗೆ ಸರಿಯಾಗಿ ಬಂದು ನಿಲ್ಲುತ್ತಾನೆ, ಮಧ್ಯಾಹ್ನ ಮನುಷ್ಯನಿಗೆ ನೆರಳೇ ಬೀಳುವುದಿಲ್ಲ ಎಂದು ವಿವರಿಸಿದೆ. ಇದು ಶಾಸ್ತ್ರೀಯವಾದ ಸತ್ಯ. ಸಿದ್ಧಲಿಂಗಪ್ಪ ಕಣ್ಣರಳಿಸಿದ. "ನೆರಳೇ ಬೀಳಲ್ವಾ! ನೆರಳಿಲ್ದಿರೋದು ದೆವ್ವಕ್ಕಲ್ವಾ ಸಾ?" ಎಂದು, ತನ್ನ ನೆರಳು ಇದೆಯೋ ಎಂದು ಜಗಲಿಯಿಂದ ಬಗ್ಗಿ ನೋಡಿಕೊಂಡು ಹೋದ. ವೈಶಾಖದಲ್ಲಿ ಗಾಳಿ, ಜ್ಯೇಷ್ಠದಿಂದ ಮುಂಗಾರು. ಹೀಗೆ ವರ್ಷ ಉರುಳಿತು. ಎಳನೀರು ಮಾತ್ರ ತಪ್ಪದೆ ಬರುತ್ತಿತ್ತು. ನಾನೂ ತಪ್ಪದೆ ಕುಡಿಯುತ್ತಿದ್ದೆ.

ನನ್ನ ಹೆಂಡತಿಗೆ ಹವಾಮಾನದ ವಿಷಯದಲ್ಲಿ ನನ್ನ ಮೇಲೆ ಮೊದಲಿನಿಂದಲೂ ನಂಬಿಕೆಯಿಲ್ಲ. ಅದಕ್ಕೆ ಕಾರಣ ಒಂದು ಮೊರದಷ್ಟು, ಅಲ್ಲ, ಏಳು ಮೊರದಷ್ಟು ಸಂಡಿಗೆ. ಮದುವೆಯಾದ ಹೊಸತರಲ್ಲಿ ಅವಳು ಆಕಾಶ ನೋಡಿ, "ಏನೂಂದ್ರೆ, ಮಳೆ ಬರುತ್ತೇನೋ" ಎಂದಾಗ, ಗಾಳಿಯ ದಿಕ್ಕನ್ನು ಬೆರಳು ತೇವ ಮಾಡಿ ಪರೀಕ್ಷಿಸಿ, "ಸಾಧ್ಯವೇ ಇಲ್ಲ" ಎಂದಿದ್ದೆ. ಆ ಸಂಡಿಗೆ ಮತ್ತೆ ಹಿಟ್ಟಾಯಿತು. ಅಂದಿನಿಂದ ಅವಳು ಇರುವೆಗಳನ್ನು ನೋಡಿ ತೀರ್ಮಾನ ಮಾಡುತ್ತಾಳೆ. ಸಿದ್ಧಲಿಂಗಪ್ಪನಿಗೆ ನಾನು ಆಷಾಢದ ಅಲೆಗಳನ್ನು ವರ್ಣಿಸಿ ಕಳಿಸಿದ ದಿನ ಅವಳು ಒಳಗಿನಿಂದ ಬಂದು ಕೇಳಿದಳು:

"ಅಲ್ಲಾಂದ್ರೆ, ನಿಮ್ಮ ಲೆಕ್ಕದ ಪ್ರಕಾರ ಆ ದ್ವೀಪದಲ್ಲಿ ಜನ ಯಾವ ತಿಂಗಳು ವಾಸ ಮಾಡ್ತಾರೆ?"

ನಾನು ಪುಸ್ತಕ ತೆಗೆದು ಓದುವವನಂತೆ ಕುಳಿತೆ.

ಮತ್ತೆ ಕಾರ್ತೀಕ ಬರುವ ಹೊತ್ತಿಗೆ ಒಂದು ಆಘಾತವಾಯಿತು. ಸಿದ್ಧಲಿಂಗಪ್ಪ ಹೊಗೆಸೊಪ್ಪಿನ ಸಾಹುಕಾರನೊಬ್ಬನ ಮನೆ ಮದುವೆಗೆ ಅರಕಲಗೂಡಿಗೆ ಹೋದವನು ಅಲ್ಲಿಯ ಜೋಯಿಸರೊಬ್ಬರನ್ನು ಕೇಳಿಬಿಟ್ಟಿದ್ದ. ಅವರು ಪಂಚಾಂಗ ತೆರೆದು ನೋಡಿ, "ಸಂಕ್ರಾಂತಿ ಕಳೆದ ಮೇಲೆ ಧಾರಾಳವಾಗಿ ಹೋಗು" ಎಂದಿದ್ದರು. ನಾನು ಹದಿನಾಲ್ಕು ತಿಂಗಳು ಬಚ್ಚಿಟ್ಟ ಸತ್ಯವನ್ನು ಆ ಮನುಷ್ಯ ಒಂದು ತಾಂಬೂಲಕ್ಕೆ ಹೇಳಿಬಿಟ್ಟಿದ್ದ. ಮೈಯೆಲ್ಲ ಉರಿದುಹೋಯಿತು. "ಅರಕಲಗೂಡಿನಲ್ಲಿ ಕುಳಿತವರಿಗೆ ಸಮುದ್ರದ ವಿಷಯ ಏನು ಗೊತ್ತು?" ಎಂದೆ. ಹೊಳೆನರಸೀಪುರದಲ್ಲಿ ಕುಳಿತವನಿಗೆ ಎಷ್ಟು ಗೊತ್ತು ಎಂದು ಸಿದ್ಧಲಿಂಗಪ್ಪ ಕೇಳಲಿಲ್ಲ. ಅದು ಅವನ ದೊಡ್ಡತನ.

ಅಷ್ಟರಲ್ಲಿ ಕೊಲಂಬಿನಿಂದ ಎರಡನೆಯ ಕಾಗದ ಬಂತು. ಅವನು ಜಗಲಿಯ ಮೇಲೆ ಕುಳಿತ, ನಾನು ಓದಿ ಕನ್ನಡದಲ್ಲಿ ಹೇಳುತ್ತಾ ಹೋದೆ. "ಒಂದು ವರ್ಷದಿಂದ ದಾರಿ ನೋಡುತ್ತಿದ್ದೇವೆ. ನೀವು ಬರೆದಂತೆ ನಿಮಗೂ, ನಿಮ್ಮ ಜೊತೆ ಬರುವ ಪಕ್ಕದ ಮನೆಯ ಮೇಷ್ಟರಿಗೂ ಸಮುದ್ರದ ಕಡೆ ಕಿಟಕಿಯಿರುವ ಕೋಣೆಯನ್ನೇ..."

ಅಲ್ಲಿಗೆ ನಿಲ್ಲಿಸಿದೆ. ಮತ್ತೊಮ್ಮೆ ಓದಿದೆ. ಸ್ಕೂಲ್‌ಮಾಸ್ಟರ್ ಎಂದೇ ಇತ್ತು.

"ಯಾವ ಮೇಷ್ಟ್ರು?" ಎಂದೆ.

"ನೀವೇ ಸಾ, ಇನ್ಯಾರು?" ಎಂದ ಸಿದ್ಧಲಿಂಗಪ್ಪ. "ನಂಗೆ ಇಂಗ್ಲೀಷಿಲ್ಲ, ತಮಿಳಿಲ್ಲ. ಒಬ್ನೇ ಎಂಗ್ ಓಗ್ಲಿ? ಓದ್ವರ್ಷ ಮೊದಲ್ನೇ ಕಾಗದ ಬಂದಾಗ್ಲೇ ಅರಸೀಕೆರೆ ದಲ್ಲಾಳಿ ಕೈಲಿ ಬರೆಸ್ಬುಟ್ಟಿದ್ದೆ, ಇಬ್ರು ಬತ್ತೀವಿ, ಖರ್ಚೆಲ್ಲಾ ನಂದೇ ಅಂತ."

"ಮತ್ತೆ ನನಗೇಕೆ ಹೇಳಲಿಲ್ಲ?" ಎಂದೆ.

"ಅದು ನಮ್ ವ್ಯಾಪಾರದ ಪದ್ಧತಿ ಸಾ. ಕಾಯಿ ಎಂಗೈತೆ ಅಂತ ಕೊಳ್ಳೋನ್ನೂ ಕೇಳ್ಬಾರ್ದು, ಮಾರೋನ್ನೂ ಕೇಳ್ಬಾರ್ದು, ಸುಮ್ನೆ ನಿಂತ್ಕಂಡಿರೋನ್ನ ಕೇಳ್ಬೇಕು ಅಂತ ನಮ್ಮಪ್ಪ ಏಳೋನು. ನೀವೂ ಬತ್ತೀರಿ ಅಂತ ಮುಂಚೇನೇ ಏಳಿದ್ರೆ ನಿಮಗೆ ಆಸೆ ಅಂಟ್ಕತಿತ್ತು. ಆಸೆ ಬಿದ್ದೋರ ಬಾಯಲ್ಲಿ ಎಲ್ಲಾ ತಿಂಗ್ಳೂ ಒಳ್ಳೇ ತಿಂಗ್ಳೇಯ. ಅದ್ಕೇ ಬಾಯ್ ಬುಡ್ನಿಲ್ಲ. ನೀವು ನಿಜ ಏಳಿದ್ರಿ. ನಿಮ್ಮಂಥೋರು ಸಿಗಲ್ಲ ಬುಡಿ."

ಹೋದ ವರ್ಷ ನಾಲ್ಕು ಪದ ಹೇಳಿದ್ದರೆ ಸಂಕ್ರಾಂತಿಯ ಮಾರನೆಯ ದಿನ ನಾನು ನಮ್ಮೂರ ಸ್ಟೇಷನ್ನಿನಲ್ಲಿ ರೈಲು ಹತ್ತಿ, ಮೈಸೂರು, ಬೆಂಗಳೂರು, ತಿರುಚಿನಾಪಳ್ಳಿ ದಾಟಿ ಧನುಷ್ಕೋಟಿಯಲ್ಲಿ ಹಡಗಿನ ಕಂಬಿ ಹಿಡಿದು ನಿಂತಿರುತ್ತಿದ್ದೆ. ಆ ಕಿಟಕಿಯ ಹತ್ತಿರ ನನ್ನ ಹಾಸಿಗೆ ಇರುತ್ತಿತ್ತು. ಅದಕ್ಕೆ ಅಡ್ಡವಾಗಿ ಮಳೆ ಸುರಿಸಿದವನು, ಬಿಸಿಲು ಕಾಯಿಸಿದವನು, ಶಿವನನ್ನೇ ಎಳೆದುತಂದು ನಿಲ್ಲಿಸಿದವನು ನಾನು.

ಅಂದು ಸಾಯಂಕಾಲದೊಳಗೆ ನನ್ನ ಭೂಗೋಳ ಪೂರ್ತಿ ಬದಲಾಯಿತು. ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ಸಿದ್ಧಲಿಂಗಪ್ಪನ ಮನೆಗೆ ನಾನೇ ಹೋದೆ. ಸಂಕ್ರಾಂತಿಯ ನಂತರ ಅಲ್ಲಿ ಮಳೆಯೇ ಇಲ್ಲವೆಂದೂ, ಗಾಳಿ ತಂಪಾಗಿರುತ್ತದೆಂದೂ, ಶಿವರಾತ್ರಿಯನ್ನು ದಾರಿಯಲ್ಲಿ ರಾಮೇಶ್ವರದಲ್ಲೇ ಮಾಡಬಹುದೆಂದೂ, ಅದಕ್ಕಿಂತ ಪುಣ್ಯ ಇನ್ನೊಂದಿಲ್ಲವೆಂದೂ ಒಂದೇ ಉಸಿರಿನಲ್ಲಿ ಹೇಳಿದೆ. ನೆರಳಿನ ವಿಷಯವೂ ಅಷ್ಟೊಂದು ಗಂಭೀರವಲ್ಲ, ಮಧ್ಯಾಹ್ನ ಹತ್ತು ನಿಮಿಷ ಮನೆಯೊಳಗಿದ್ದರೆ ಆಯಿತು ಎಂದೆ. ಸಿದ್ಧಲಿಂಗಪ್ಪ ನನ್ನನ್ನೇ ನೋಡುತ್ತಿದ್ದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

"ನೋಡುದ್ರಾ ಸಾ, ನಮ್ಮಪ್ಪ ಏಳಿದ್ದು ಎಷ್ಟು ನಿಜ! ಆಸೆ ಬಂದ್ಬುಡ್ತು ನಿಮಗೆ. ಇನ್ನು ನಿಮ್ ಮಾತು ಕೇಳಂಗಿಲ್ಲ. ಮೊದಲ್ ಏಳಿದ್ರಲ್ಲ, ಅದೇ ಸರಿ. ನಿಮ್ಮನ್ನ ಆ ಮಳೆ ಬಿಸಿಲಿಗೆ ಕರ್ಕಂಡೋಗಿ ಏನಾರಾ ಎಚ್ಚು ಕಮ್ಮಿ ಆದ್ರೆ ಅಮ್ಮಾವ್ರಿಗೆ ಏನ್ ಜವಾಬು ಏಳ್ಲಿ?"

ಎಷ್ಟು ಹೇಳಿದರೂ ಕೇಳಲಿಲ್ಲ. ನಾನು ಹೇಳಿದಷ್ಟೂ ಅವನ ಅನುಮಾನ ಗಟ್ಟಿಯಾಯಿತು. ನಾನು ಸುಳ್ಳು ಹೇಳಿದ್ದೆ ಎಂದು ಒಪ್ಪಿಕೊಳ್ಳಲು ಬಾಯಿ ತೆರೆದೆ; ಅದನ್ನೂ ಆಸೆಯ ಲೆಕ್ಕಕ್ಕೇ ಹಾಕಿದ. ಕೊನೆಗೆ, ಒಂದು ವರ್ಷ ದಾರಿ ನೋಡಿದವರನ್ನು ಇನ್ನೂ ಕಾಯಿಸಬಾರದು, ಮಳೆಯಾದರೂ ಸರಿ ಎಂದು, ಸಂಕ್ರಾಂತಿ ಆದ ಮೇಲೆ ಅವನು ಹೊರಟೇಬಿಟ್ಟ. ಜೊತೆಗೆ ಹೋದವರು ಯಾರೆಂದುಕೊಂಡಿರಿ? ಅರಕಲಗೂಡಿನ ಜೋಯಿಸರು! ಅವರಿಗೆ ತಮಿಳು ಬರುತ್ತಿತ್ತು. ಸಮುದ್ರ ದಾಟುವ ದೋಷಕ್ಕೆ ರಾಮೇಶ್ವರದಲ್ಲೇ ಮುಂಗಡವಾಗಿ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತೇನೆ ಎಂದರಂತೆ. ಎಲ್ಲಕ್ಕಿಂತ ಮುಖ್ಯವಾಗಿ, "ಅವ್ರಿಗೆ ಒಂಚೂರೂ ಆಸೆ ಇಲ್ಲ ಸಾ, ನಾನೇ ಬಲವಂತ ಮಾಡ್ದೆ" ಎಂದ ಸಿದ್ಧಲಿಂಗಪ್ಪ. ಆ ಜೋಯಿಸರಿಗೆ ಸ್ಟೇಷನ್ನಿನಲ್ಲಿ ಹಾರ ಹಾಕಿದವನು ನಾನೇ. ಹಾಕುವಾಗ ನನ್ನ ಕೈ ಅವರ ಕುತ್ತಿಗೆಯ ಹತ್ತಿರ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಿಂತಿತ್ತು.

ತಿಂಗಳಾದ ಮೇಲೆ ಸಿದ್ಧಲಿಂಗಪ್ಪ ಕಪ್ಪಗಾಗಿ, ಖುಷಿಯಾಗಿ ವಾಪಸು ಬಂದ. "ಒಂದ್ ಅನಿ ಮಳೆ ಇಲ್ಲ ಸಾ. ಆಸೇಲಿ ಏಳಿದ್ರೂ ನೀವು ಎರಡ್ನೇ ಸಲ ಏಳಿದ್ದೇ ನಿಜ ಆಗೋಯ್ತು! ನೀರು ನೋಡ್ದೆ. ಬೋ ನೀರು. ಆಚೆ ದಡ ಅನ್ನೋದೇ ಇಲ್ಲ. ನಿಮ್ಮನ್ನೇ ನೆನೆಸ್ಕಂಡೆ. ಮುಂದಿನ್ವರ್ಷ ನೀವು ಬರ್ಲೇಬೇಕು" ಎಂದ. ಅಷ್ಟರೊಳಗೆ ಯುದ್ಧ ಬಂತು. ಈಗ ಸೀಮೆಎಣ್ಣೆಗೇ ಸಾಲು ನಿಲ್ಲುವ ಕಾಲ. ಸಿಂಹಳದ ಮಾತನ್ನು ಯಾರು ಎತ್ತುತ್ತಾರೆ?

ಸಿಂಹಳದಿಂದ ಬಂದ ದಿನ ಅವನು ನನಗೆಂದು ಒಂದು ಉಡುಗೊರೆ ತಂದಿದ್ದ. ತೆಂಗಿನಕಾಯಿ ವ್ಯಾಪಾರಿ ಬೇರೇನು ತಂದಾನು? ಕೊಲಂಬಿನ ತೆಂಗಿನಕಾಯಿ. ಹೆಂಡತಿ ಅದನ್ನು ಒಡೆದು ಚಟ್ನಿ ಮಾಡಿದಳು. ಅಕ್ಕಿರೊಟ್ಟಿಯ ಜೊತೆ ಬಡಿಸಿ, ಎದುರಿಗೆ ಕುಳಿತು, ಹದಿನೇಳು ತಿಂಗಳಿಂದ ಇಟ್ಟುಕೊಂಡಿದ್ದ ಮಾತನ್ನು ಮೆಲ್ಲಗೆ ಕೇಳಿದಳು:

"ಅಲ್ಲಾಂದ್ರೆ, ಅವರು ಕಾಗದ ತಂದ ಮೊದಲನೇ ದಿನವೇ 'ನನ್ನನ್ನೂ ಕರ್ಕೊಂಡು ಹೋಗಿ' ಅನ್ನೋದಕ್ಕೆ ಯಾವ ಮಳೆ ಅಡ್ಡ ಬಂದಿತ್ತು?"

ನನ್ನ ಬಾಯಿ ತುಂಬ ಚಟ್ನಿ ಇತ್ತು. ಅದನ್ನು ನುಂಗಿದೆ. ಇನ್ನೊಂದು ರೊಟ್ಟಿ, ಇನ್ನಷ್ಟು ಚಟ್ನಿ ಹಾಕಿಸಿಕೊಂಡೆ. ಬಟ್ಟಲು ಬರಿದಾದ ಮೇಲೆ, "ಏನೇ ಹೇಳು, ನಮ್ಮೂರ ಕಾಯಿಯಷ್ಟು ರುಚಿ ಇಲ್ಲ" ಎಂದೆ.