ಫೋಲ್ಡರಿನೊಳಗೆ ಫೋಲ್ಡರು

ಒಂದು ವೆಬ್‌ಸೈಟನ್ನು ಇದ್ದ ಜಾಗದಿಂದ ಎತ್ತಿ ಇನ್ನೊಂದು ಜಾಗದಲ್ಲಿಟ್ಟರೆ, ಅದು ಎತ್ತಿಟ್ಟವರ ಮಾನ ತೆಗೆಯದೆ ಬಿಡುವುದಿಲ್ಲ. ನನ್ನ ಮಾನ ಹೀಗೆ ಊರೂರಲ್ಲೂ ಹೋಗುತ್ತಿತ್ತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಸೇಲಂನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸಕ್ಕಿದ್ದೆ. ಸುತ್ತಲಿನ ವ್ಯಾಪಾರಿಗಳಿಗೆಲ್ಲ ವೆಬ್‌ಸೈಟ್ ಬೇಕಿತ್ತು, ಇಂಟರ್ನೆಟ್ ಮಾತ್ರ ಯಾರ ಹತ್ತಿರವೂ ಇರಲಿಲ್ಲ. ಆದ್ದರಿಂದ ನಮ್ಮ ಓನರು ಗಿರಾಕಿಯ ಕಂಪ್ಯೂಟರಿನೊಳಗೇ ವೆಬ್‌ಸೈಟ್ ಹಾಕಿಕೊಡುತ್ತಿದ್ದರು. ಜಗತ್ತಿಗೆಲ್ಲ ಕಾಣಬೇಕಾದದ್ದು ಆ ಒಂದು ಮೇಜಿನ ಮುಂದೆ ಕೂತವರಿಗೆ ಕಾಣುತ್ತಿತ್ತು. ಎಲ್ಲರಿಗೂ ತೃಪ್ತಿಯಾಗಿತ್ತು.

ತೊಂದರೆ ಒಂದೇ. ನಮ್ಮಲ್ಲಿ ಚೆನ್ನಾಗಿ ಓಡುತ್ತಿದ್ದ ಸೈಟು, ಗಿರಾಕಿಯ ಕಂಪ್ಯೂಟರಿನಲ್ಲಿ ಬೇರೊಂದು ಫೋಲ್ಡರಿನೊಳಗೆ ಇಟ್ಟ ಕೂಡಲೇ ತನ್ನ ಚಿತ್ರಗಳು ಎಲ್ಲಿವೆ ಎಂದು ಮರೆತುಬಿಡುತ್ತಿತ್ತು. ಪ್ರತಿ ಚಿತ್ರದ ವಿಳಾಸಕ್ಕೂ ಆ ಫೋಲ್ಡರಿನ ಹೆಸರು ಸೇರಿಸಬೇಕು. ಸೇರಿಸುವುದು ನನ್ನ ಕೆಲಸ.

ಪಕ್ಕದ ಮನೆ ಅತ್ತೆ

ನಮ್ಮದು ಮಗ್ಗದ ಮನೆ, ತಮಿಳುನಾಡಾದರೂ ಬೀದಿಯೆಲ್ಲ ಕನ್ನಡವೇ. ನಾನು ಏನು ಕೆಲಸ ಮಾಡುತ್ತೇನೆಂದು ಅಮ್ಮನಿಗೆ ಹೇಳಿದ್ದೆ. ಅಮ್ಮ ಅದನ್ನು ತನಗೆ ತಿಳಿದ ಹಾಗೆ ಬೀದಿಗೆಲ್ಲ ಹೇಳಿದ್ದಳು. ಒಂದು ಬೆಳಿಗ್ಗೆ ಪಕ್ಕದ ಮನೆ ಅತ್ತೆ ಬಂದು ಕೂತರು.

"ಕಡಯಂಪಟ್ಟಿ ಕಡೆ ಸೈಟು ಆಕ್ತಿದ್ದೀಯಂತಲ್ಲವ್ವ. ನೀರು ಐತಾ?"

"ಅತ್ತೆ, ಅದು ಮನೆ ಕಟ್ಟೋ ಸೈಟಲ್ಲ. ಕಂಪ್ಯೂಟರ್ ಒಳಗಿರೋದು."

"ಒಳಗಾ?"

"ಹೂಂ. ಅದರಲ್ಲೂ ಇನ್ನೊಂದರ ಒಳಗೆ ಇರ್ತದೆ."

ಅತ್ತೆ ಸೆರಗು ಕೊಡವಿ ಎದ್ದರು.

"ಅಂಗಾದ್ರೆ ರೋಡಿಗೆ ದಾರಿ ಇರಾಕಿಲ್ಲ. ಬ್ಯಾಡ ಬುಡು."

ಹೊಸ ಡಿಸೈನು

ಆ ಕಡಯಂಪಟ್ಟಿಯ ಗಿರಾಕಿ ಸೀರೆ ವ್ಯಾಪಾರಿ. ಮಗ್ಗದವರಿಂದ ಸೀರೆ ನೇಯಿಸಿ ಹೊರಗೆ ಕಳಿಸುತ್ತಿದ್ದರು. ಸೈಟು ಹಾಕಿ ಬಂದ ಮೇಲೆ ಗೊತ್ತಾಯಿತು, ಒಂದು ಸೀರೆಯ ಚಿತ್ರವೂ ಕಾಣುತ್ತಿಲ್ಲ. ಚಿತ್ರ ಸಿಗದಿದ್ದರೆ ಕಂಪ್ಯೂಟರ್ ಅದರ ಜಾಗದಲ್ಲಿ ಒಂದು ಬಿಳಿ ಚೌಕ ತೋರಿಸುತ್ತದೆ. ಸುತ್ತ ತೆಳ್ಳಗೆ ಬೂದು ಗೆರೆ, ಮೂಲೆಯಲ್ಲಿ ಪುಟ್ಟ ಕೆಂಪು ಗುಣಿಸು ಗುರುತು.

ಸರಿಮಾಡಲು ಹೋದೆ. ವ್ಯಾಪಾರಿ ಕಂಪ್ಯೂಟರಿಗೆ ಅಡ್ಡ ನಿಂತರು.

"ಮುಟ್ಬೇಡಮ್ಮ. ಈರೋಡ್‌ನಿಂದ ಮಾಲು ಕೊಳ್ಳಾಕೆ ಬಂದಿದ್ದೋರು ನೋಡ್ಬುಟ್ಟು, ರೊಂಬ ನಲ್ಲಾ ಇರುಕ್ಕು, ಬಲು ಚೆಂದಾಗೈತೆ ಅಂದವ್ರೆ."

"ಯಾವುದು?"

"ಇದೇ. ಬಿಳಿ ಒಡಲು, ಬೂದಿ ಅಂಚು, ಮೂಲೇಲಿ ಒಂದು ಕೆಂಪು ಬುಟ್ಟಾ."

ಅದು ಸೀರೆಯಲ್ಲ, ಸೀರೆ ಸಿಗದಿದ್ದಾಗ ಬರುವ ಗುರುತು ಎಂದು ವಿವರಿಸಿದೆ. ಅವರು ಒಳಗಿನ ಕೋಣೆಯತ್ತ ಕೈ ತೋರಿಸಿದರು. "ಮಗ್ಗಕ್ಕೆ ಏರ್ಸಾಗೈತೆ" ಎಂದರು.

ಆದರೂ ನಾನು ಬಂದ ಕೆಲಸ ಬಿಡಲಿಲ್ಲ. ವಿಳಾಸ ತಿದ್ದಿದೆ. ಅವರ ನಿಜವಾದ ಸೀರೆಗಳೆಲ್ಲ ಸಾಲಾಗಿ ಬಂದು ನಿಂತವು. ವ್ಯಾಪಾರಿ ಒಂದೊಂದನ್ನೂ ನೋಡಿದರು.

"ಇವೆಲ್ಲ ಓಡ್ದೇ ಇರೋ ಮಾಲು. ಮೊದ್ಲು ಎಂಗಿತ್ತೋ ಅಂಗೇ ಕೆಡ್ಸಿ ಕೊಟ್ಬುಟ್ಟು ಓಗಮ್ಮ."

ಯಾವ ಕಡೆಗೆ ವಾಲಬೇಕು

ಮೊರಪ್ಪೂರಿನಲ್ಲಿ ರೈಲ್ವೆ ಸ್ಟೇಷನ್ನಿಗೆ ಎದುರಾಗಿ ಟೈಪಿಂಗ್ ಕಲಿಸುವ ಮಾಸ್ಟರ್ ಒಬ್ಬರಿದ್ದರು. ಅವರ ಸೈಟಿನಲ್ಲೂ ಇದೇ ರೋಗ. ಅಷ್ಟು ದೂರ ಯಾಕೆ ಹೋಗುವುದೆಂದು ಫೋನಿನಲ್ಲೇ ಹೇಳಿಕೊಟ್ಟೆ.

"ಫೋಲ್ಡರಿನ ಹೆಸರು ಹೊಡೆದು, ಆಮೇಲೆ ಒಂದು ಸ್ಲಾಶ್, ಆ ಓರೆ ಗೆರೆ, ಹಾಕಿ ಸರ್."

"ನಮ್ ಟೈಪ್ ಮೆಶಿನ್‌ನಲ್ಲಿ ಸ್ಲಾಶ್ ಒಂದೇ ಇರೋದು. ಇದ್ರಲ್ಲಿ ಎರಡೈತಲ್ಲಮ್ಮ. ಒಂದು ಅಂಗೆ ವಾಲೈತೆ, ಒಂದು ಇಂಗೆ ವಾಲೈತೆ."

"ಬಲಕ್ಕೆ ವಾಲಿರೋದು ಹಾಕಿ."

"ನನ್ ಬಲಕ್ಕಾ, ಕಂಪ್ಯೂಟರ್ ಬಲಕ್ಕಾ?"

ನನಗೂ ಗೊಂದಲವಾಯಿತು. ಕೊನೆಗೆ ಅವರೇ ದಾರಿ ತೋರಿಸಿದರು. "ನಾನು ಸ್ಟೇಷನ್ ನೋಡ್ಕೊಂಡು ಕೂತಿವ್ನಿ. ರೈಲು ಒಂದ್ ಕಡೆ ಸೇಲಂಗೆ ಓಗ್ತೈತೆ, ಇನ್ನೊಂದ್ ಕಡೆ ಜೋಲಾರ್‌ಪೇಟೆಗೆ. ಗೆರೆ ತಲೆ ಸೇಲಂ ಕಡೆ ವಾಲ್ಬೇಕಾ, ಜೋಲಾರ್‌ಪೇಟೆ ಕಡೆ ವಾಲ್ಬೇಕಾ, ಅದ್ ಏಳಮ್ಮ ಸಾಕು."

ನಾನು ಸೇಲಂನಲ್ಲಿ ಕೂತಿದ್ದವಳು, ಸೇಲಂ ಎಂದೆ. ಚಿತ್ರ ಬರಲಿಲ್ಲ. ಜೋಲಾರ್‌ಪೇಟೆ ಎಂದೆ. ಬಂತು. ಇಬ್ಬರಿಗೂ ಬಹಳ ಸಂತೋಷವಾಯಿತು.

ಕೆಲವು ದಿನ ಬಿಟ್ಟು ಮತ್ತೆ ಫೋನು.

"ಅಮ್ಮ, ಬಿಸ್ಲು ಬೀಳ್ತೈತೆ ಅಂತ ಮೇಜು ಆ ಗೋಡೆ ಕಡೆ ತಿರ್ಗಿಸ್ಬುಟ್ವಿ. ಈಗ ಜೋಲಾರ್‌ಪೇಟೆ ಸ್ಲಾಶ್ ಯಾವ್ದು?"

ಸೌಮ್ಯ ಸ್ವಭಾವದ ವರ

ಪಾಲಕೋಡ್ ಹತ್ತಿರದ ಹಳ್ಳಿಯಲ್ಲಿ ಒಬ್ಬ ದಲ್ಲಾಳಿ ಇದ್ದರು. ದನ ಕೊಡಿಸುವುದು ಒಂದು ಕಸುಬು, ಗಂಡು ಹೆಣ್ಣು ಹೊಂದಿಸುವುದು ಇನ್ನೊಂದು. ಎರಡಕ್ಕೂ ಒಂದೇ ಸ್ಕೂಟರು. ಕಂಪ್ಯೂಟರೂ ಒಂದೇ ಸಾಕು ಎಂದರು. ಮುಖ್ಯ ಫೋಲ್ಡರಿನಲ್ಲಿ ದನದ ಸೈಟು ಹಾಕಿದೆ. ಅದರೊಳಗೆ ಇನ್ನೊಂದು ಫೋಲ್ಡರು ಮಾಡಿ ಮದುವೆಯ ಸೈಟು ಹಾಕಿದೆ. ಎರಡರಲ್ಲೂ ಫೋಟೋಗಳಿಗೆ ಒಂದು, ಎರಡು, ಮೂರು ಎಂದೇ ಹೆಸರು.

ಮೊದಲ ದಿನವೇ ಒಂದು ಮನೆಯವರು ಬಂದರು. ಅಪ್ಪ, ಅಮ್ಮ, ಧರ್ಮಪುರಿಯಲ್ಲಿ ಡಿಗ್ರಿ ಮುಗಿಸಿದ ಮಗಳು. ಹುಡುಗಿ ಬಂದ ಗಂಡುಗಳನ್ನೆಲ್ಲ ಬೇಡವೆಂದಿದ್ದಳಂತೆ. ಈ ಸಲವೂ ಆಗದಿದ್ದರೆ ಬೇರೆ ದಲ್ಲಾಳಿಯನ್ನು ನೋಡಿಕೊಳ್ಳುತ್ತೇವೆ ಎಂದು ಅಪ್ಪ ಹೇಳಿಯೇ ಕೂತರು. ದಲ್ಲಾಳಿಯ ಹಣೆ ಬೆವರುತ್ತಿತ್ತು. ಅವರು ಕಂಪ್ಯೂಟರಿಗೆ ಬೆನ್ನು ಹಾಕಿ, ಮನೆಯವರ ಕಡೆ ತಿರುಗಿ ನಿಂತು, ನನಗೆ ಕೈಸನ್ನೆ ಮಾಡಿದರು. ನಾನು ಒತ್ತಿದೆ.

ಸಾಮಾನ್ಯವಾಗಿ ಒಳಗಿನ ಫೋಲ್ಡರಿನ ಹೆಸರು ಬಿಟ್ಟುಹೋಗಿದ್ದರೆ ಚಿತ್ರ ಸಿಗುವುದಿಲ್ಲ. ಇಲ್ಲೂ ನಾನು ಅದನ್ನು ಬಿಟ್ಟಿದ್ದೆ, ಆದರೆ ಅದೇ ಹೆಸರಿನ ಚಿತ್ರ ಸಿಕ್ಕಿತು, ಹೊರಗಿನ ದನದ ಫೋಲ್ಡರಿನಲ್ಲಿ. ವರನ ಜಾಗದಲ್ಲಿ ಒಂದು ಎತ್ತು ನಿಂತಿತ್ತು. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ.

"ಒಳ್ಳೆ ಮೈಕಟ್ಟು" ಎಂದರು ದಲ್ಲಾಳಿ, ತಿರುಗಿ ನೋಡದೆ. "ಸೌಮ್ಯ ಸ್ವಭಾವ. ಎದ್ರು ಮಾತಾಡಾಕಿಲ್ಲ."

ಅಪ್ಪ ಕುರ್ಚಿ ಮುಂದಕ್ಕೆಳೆದುಕೊಂಡು ನೋಡಿದರು. "ವಯಸ್ಸೆಷ್ಟು?"

"ಇಪ್ಪತ್ತೇಳು."

"ಅಷ್ಟು ವಯಸ್ಸಾಗಿ ಇಂಗೈತಾ!"

ಆಗ ದಲ್ಲಾಳಿ ತಿರುಗಿದರು. ಎತ್ತನ್ನು ನೋಡಿದರು, ನನ್ನನ್ನು ನೋಡಿದರು. "ಮುಂದಿನ್ ಗಂಡು ತೋರ್ಸಮ್ಮ, ಬೇಗ!" ಎಂದರು. ಗಾಬರಿಯಲ್ಲಿ ಒತ್ತಿಬಿಟ್ಟೆ. ಎರಡನೆಯ ವರ ಕರುವಿನ ಜೊತೆ ನಿಂತಿದ್ದ.

ಹುಡುಗಿಯ ಅಮ್ಮ ಕರುವಿನತ್ತ ಬೆರಳು ತೋರಿಸಿದರು. "ಇದು ಎರಡ್ನೇ ಸಂಬಂಧ ಕಣಣ್ಣ, ಮಗು ಐತೆ. ನಮ್ಗೆ ಬ್ಯಾಡ" ಎಂದರು.

ನಾನು ಎಲ್ಲರನ್ನೂ ಸ್ವಲ್ಪ ಕಾಯಲು ಹೇಳಿ, ಫೋಲ್ಡರಿನ ಹೆಸರು ಸೇರಿಸಿ, ಮೊದಲ ವರನನ್ನೇ ಮತ್ತೆ ತಂದೆ. ಈ ಸಲ ಅಸಲಿ ವರ ಬಂದ. ಪಾಸ್‌ಪೋರ್ಟ್ ಸೈಜು, ಹಿಂದಕ್ಕೆ ಬಾಚಿದ ಎಣ್ಣೆ ತಲೆ, ಫೋಟೋ ತೆಗೆದವನ ಮೇಲೆ ಏನೋ ಸಿಟ್ಟಿರುವಂಥ ಕಣ್ಣು. ದಲ್ಲಾಳಿ ಉಸಿರು ಬಿಟ್ಟು ಹಣೆ ಒರೆಸಿಕೊಂಡರು. ಮನೆಯವರು ಮೂವರೂ ಬಹಳ ಹೊತ್ತು ನೋಡಿದರು.

ಕೊನೆಗೆ ಹುಡುಗಿಯೇ ಬಾಯಿ ತೆರೆದಳು.

"ಅಪ್ಪ, ಮೊದ್ಲು ತೋರ್ಸಿದ್ರಲ್ಲ, ಅವ್ರೇ ಪರ್ವಾಗಿಲ್ಲ."