ಬ್ರೇಕಿನೊಳಗಿನ ಗಾಳಿ

ನಮ್ಮ ಸೋದರಮಾವನಿಗೆ ಕಾರು ಓಡಿಸಲು ಬರುತ್ತದೆ, ನಿಲ್ಲಿಸಲು ಮಾತ್ರ ಬರುವುದಿಲ್ಲ! ತಪ್ಪು ಅವನದಲ್ಲವಂತೆ, ಬ್ರೇಕಿನದಂತೆ. ಅವನ ಕಪ್ಪು ಕಾರು ನನಗಿಂತ ಹಿರಿಯದು. ಅದರ ಸದ್ದು ಕೇಳಿದರೆ ಸಾಕು, ಕೊಟ್ಟೂರಿನ ಕುರಿಗಳು ತಾವಾಗಿಯೇ ರಸ್ತೆ ಬಿಡುತ್ತವೆ. ಒಮ್ಮೆ ಬ್ರೇಕಿನ ಎಣ್ಣೆ ಮುಗಿದಾಗ ಅಡುಗೆಮನೆಯ ಶೇಂಗಾ ಎಣ್ಣೆ ತಂದು ಸುರಿದ.

"ನಮ್ಮ ಹೊಲದ ಶೇಂಗಾ, ಗಾಣದಾಗ ಹಿಂಡಿಸಿದ್ದು. ಇದಕ್ಕಿಂತ ಶುದ್ಧ ಎಣ್ಣಿ ಎಲ್ಲೈತಿ?"

ಒಳಗಿನ ರಬ್ಬರೆಲ್ಲ ಉಬ್ಬಿ, ಬ್ರೇಕು ಹಿಡಿದದ್ದು ಬಿಡಲೇ ಇಲ್ಲ. ಪಕ್ಕದೂರು ಉಜ್ಜಿನಿ ಮುಟ್ಟುವಷ್ಟರಲ್ಲಿ ಗಾಲಿಗಳಿಂದ ಮಿರ್ಚಿ ಕರಿದ ವಾಸನೆ. ಹಿಂದಿನ ಸೀಟಿನಲ್ಲಿದ್ದ ಅತ್ತೆ, "ಮಂಡಕ್ಕಿ ತಂದಿದ್ರ ಚಲೋ ಇತ್ತು" ಅಂದಳು.

ಅಂಥ ಅತ್ತೆಗೆ ಈ ವರ್ಷ ಲಕ್ವ ಹೊಡೆದು ಬಲಗಾಲು ಸೋತಿತು. ಪಾದ ಒತ್ತಿ ಒತ್ತಿ ವ್ಯಾಯಾಮ ಮಾಡದಿದ್ದರೆ ಮತ್ತೆ ನಡೆಯುವ ಆಸೆ ಬಿಡಬೇಕೆಂದು ಹರಪನಹಳ್ಳಿಯ ಡಾಕ್ಟರು ಹೇಳಿದ್ದರು. ಅತ್ತೆ ಗೋಡೆಗೆ ಮುಖಮಾಡಿ ಮಲಗಿಬಿಟ್ಟಳು. "ಸತ್ತ ಕಾಲು ಏನ್ ಒತ್ತತೈತಿ, ಬಿಡ್ರಿ."

ನೋಡಲು ಹೋದ ನನಗೆ ಕಂಡದ್ದೇನು? ಮಾವ ಹಿಂದಿನ ಗಾಲಿಯ ಪಕ್ಕ ಅಂಗಾತ ಮಲಗಿದ್ದಾನೆ! ಬ್ರೇಕಿನಲ್ಲಿ ಗಾಳಿ ಸೇರಿದೆಯಂತೆ. ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ಗಾಲಿಯ ಹತ್ತಿರದ ತಿರುಪು ಸಡಿಲಿಸಿ, ನಳಿಕೆಯ ಮೂಲಕ ಆ ಗಾಳಿಯನ್ನು ಎಣ್ಣೆಯ ಸೀಸೆಗೆ ಬಿಡಬೇಕು. ಒತ್ತಲು ಕೂರಿಸಿದ್ದು ಯಾರನ್ನು? ಅತ್ತೆಯನ್ನು! ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನನಗೆ ಮೈಯೆಲ್ಲ ಉರಿಯಿತು.

"ನಾ ಒತ್ತತೀನಿ, ಅತ್ತಿನ್ನ ಇಳಸು."

"ನಿನ್ನ ಕಾಲು ಒರಟು, ಪೆಡಲ್ ಮುರೀತೈತಿ. ಆಕಿನೇ ಬೇಕು" ಎಂದ ಮಾವ, ಮೇಲೆ ನೋಡಿ ಕೂಗಿದ. "ಒತ್ತು."

ಏನೂ ಆಗಲಿಲ್ಲ.

"ಒತ್ತಲೇ. ನಾಳಿ ಇಳಿಜಾರಿನಾಗ ಬ್ರೇಕ್ ಹತ್ತಲಿಲ್ಲಂದ್ರ ನಾ ಉಳಿಯಾಂಗಿಲ್ಲ."

ಅತ್ತೆ ಉಸಿರು ಬಿಗಿಹಿಡಿದು ಮುಲುಗಿದ್ದು ಕೇಳಿಸಿತು. ಸೀಟು ಕಿರುಗುಟ್ಟಿತು. ಮಾವನ ಹಣೆಯ ಬೆವರು ಕಣ್ಣಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಇಬ್ಬರೂ ಸೀಸೆಯನ್ನೇ ನೋಡುತ್ತಿದ್ದೆವು. ಬಹಳ ಹೊತ್ತಿಗೆ ಒಂದು ಗುಳ್ಳೆ ಎದ್ದಿತು.

"ಬಂತು. ಇನ್ನೊಮ್ಮೆ."

ಮತ್ತೊಂದು ಗುಳ್ಳೆ, ಮಗದೊಂದು. ಕೊನೆಗೆ ಬರಿಯ ಎಣ್ಣೆ ಇಳಿಯಿತು. ಸದ್ಯ, ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಮಾವ ಕಳ್ಳನ ಹಾಗೆ ಅತ್ತಿತ್ತ ನೋಡಿ, ನಳಿಕೆ ಕಿತ್ತು, ತಿರುಪನ್ನು ಸಡಿಲವಾಗಿಯೇ ಬಿಟ್ಟು, "ಈಗ ಕಾಲು ತಗಿ" ಎಂದ. ಇಷ್ಟು ಹೊತ್ತು ಹೊರಹಾಕಿದ ಗಾಳಿ ಸರ್ರನೆ ಮತ್ತೆ ಒಳಗೆ ಹೋಯಿತು.

"ಏನ್ ಮಾಡಾಕತ್ತಿ ಮಾವ?"

ಅವನು ನನ್ನ ಕೈ ಗಟ್ಟಿಯಾಗಿ ಹಿಡಿದು ಪಿಸುಗುಟ್ಟಿದ. "ಬಾಯಿ ಮುಚ್ಚಲೇ. ಗಾಳಿ ತೀರಿತು ಅಂದ್ರ ಆಕಿ ಹೋಗಿ ಮಲಗ್ತಾಳ."

ಅವನ ಕಣ್ಣಲ್ಲಿದ್ದದ್ದು ಬೆವರಲ್ಲ. ನನಗೂ ಅಳು ಬಂತು. ಮಣ್ಣಿನಲ್ಲೇ ಅವನ ಪಕ್ಕ ಮಲಗಿ, ನಳಿಕೆ ಸಿಕ್ಕಿಸಿ, ಸೀಸೆ ಹಿಡಿದುಕೊಂಡೆ.

"ಅತ್ತಿ, ಇನ್ನಾ ಗಾಳಿ ಐತ್ರಿ" ಎಂದು ಕೂಗಿದೆ. "ಒತ್ರಿ."